ಅಡ್ಮಿರಲ್ ಒಬ್ಬರ ಸೇವಾ ಪರಿಚಯ ಓದುವುದು ಹೇಗೆ?

ಪದಕಗಳ ಪಟ್ಟಿಯನ್ನು ಮೊದಲು ಬಿಟ್ಟುಬಿಡಿ. ಫೋಟೋವನ್ನೂ ಬಿಡಿ.

ನೌಕಾಪಡೆಯ ದೊಡ್ಡ ಅಧಿಕಾರಿಗಳ ಪರಿಚಯ ಯಾವ ದೇಶದ್ದೇ ತೆಗೆಯಿರಿ, ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತದೆ. ಒಂದು ಪುಟ. ಮೇಲೆ ಬಿಳಿ ಸಮವಸ್ತ್ರ, ಮಧ್ಯೆ ಹಡಗುಗಳ ಹೆಸರು ಮತ್ತು ಹುದ್ದೆಗಳ ಹೆಸರು, ಕೊನೆಗೆ ಪದಕಗಳು. ಓದಿ ಮುಗಿಸಿದವರನ್ನು ಏನು ತಿಳಿಯಿತು ಅಂತ ಕೇಳಿದರೆ ‘ತುಂಬಾ ದೊಡ್ಡವರು’ ಅನ್ನುತ್ತಾರೆ, ಅಷ್ಟೇ. ಓದುವ ಕ್ರಮ ಗೊತ್ತಿದ್ದರೆ ಅದೇ ಒಂದು ಪುಟ ಮೂವತ್ತೈದು ವರ್ಷದ ನೌಕರಿಯನ್ನು ಬಿಚ್ಚಿಡುತ್ತದೆ. ಅದರಲ್ಲೂ ಹಲವು ದೇಶಗಳ ಪಡೆಯನ್ನು ಒಟ್ಟಿಗೆ ನಡೆಸಿದವರ ಪುಟ ಓದುವುದು ಒಂದು ಪಾಠವೇ ಸರಿ.

ನಾನು ಅಧಿಕಾರಿಯಾಗಿದ್ದವನಲ್ಲ. ಭಾರತೀಯ ನೌಕಾಪಡೆಯ ಕಮ್ಯುನಿಕೇಶನ್ ವಿಭಾಗದಲ್ಲಿ ನಾವಿಕನಾಗಿದ್ದೆ. ಬ್ರಿಜ್ ಮೇಲೆ, ಅಂದರೆ ಹಡಗನ್ನು ನಡೆಸುವ ಕೋಣೆಯಲ್ಲಿ, ನಿಂತು ಸಿಗ್ನಲ್ ತೆಗೆದುಕೊಳ್ಳುವುದು, ಕಳಿಸುವುದು ನನ್ನ ಕೆಲಸ. ಹಾಗಾಗಿ ಕ್ಯಾಪ್ಟನ್‌ಗಳನ್ನು ಮೊಳ ದೂರದಿಂದ ನೋಡಿದ್ದೇನೆ. ಅವರು ನಿಜವಾಗಿ ಏನು ಕೆಲಸ ಮಾಡುತ್ತಾರೆ, ಪರಿಚಯದಲ್ಲಿ ಏನು ಬರೆಯುತ್ತಾರೆ, ಎರಡೂ ಗೊತ್ತು. ಈಗ ಅಂಕೋಲದಲ್ಲಿದ್ದೇನೆ. ಎಸ್‌ಎಸ್‌ಬಿ ಸಂದರ್ಶನಕ್ಕೆ, ಅಂದರೆ ಸೇನಾ ಅಧಿಕಾರಿಗಳ ಆಯ್ಕೆಗೆ, ಹೋಗುವ ಮಕ್ಕಳು ಭಾನುವಾರ ಬೆಳಿಗ್ಗೆ ಮನೆಗೆ ಬರುತ್ತಾರೆ. ಅವರಿಗೆ ಕೊಡುವ ಮೊದಲ ಕೆಲಸ ಇದೇ: ಒಬ್ಬ ಅಧಿಕಾರಿಯ ಪರಿಚಯ ಓದಿ, ಪೆನ್ಸಿಲ್ ಹಿಡಿದು.

ಮಾದರಿಗೆ ನಾನು ಆರಿಸಿಕೊಳ್ಳುವುದು ಅಮೆರಿಕದ ಅಡ್ಮಿರಲ್ ಮಿಶೆಲ್ ಹೋವರ್ಡ್ ಅವರನ್ನು. ನಮ್ಮವರನ್ನು ಬಿಟ್ಟು ಅವರೇ ಯಾಕೆ ಅಂತ ಕೇಳುವವರಿದ್ದಾರೆ. ಕಾರಣ ಸರಳ. ಅವರು ನಮ್ಮ ಅರಬ್ಬಿ ಸಮುದ್ರದ ಆಚೆ ಬದಿಯಲ್ಲಿ, ಸೋಮಾಲಿಯಾ ಕಡಲ್ಗಳ್ಳರ ಕಾಲದಲ್ಲಿ ಹಲವು ದೇಶಗಳ ಪಡೆ ನಡೆಸಿದರು. ಮುಂದೆ ಇಟಲಿಯ ನೇಪಲ್ಸ್‌ನಲ್ಲಿ ನೇಟೋದ ಜಂಟಿ ಪಡೆಯ ಕಮಾಂಡ್ ಹಿಡಿದರು. ಅವರ ನೌಕರಿಯ ಪ್ರತಿ ಮೆಟ್ಟಿಲೂ ಸಾರ್ವಜನಿಕ ದಾಖಲೆಯಲ್ಲಿದೆ. ಕಲಿಯುವುದಕ್ಕೆ ಇಷ್ಟು ಸ್ಪಷ್ಟವಾದ ಪುಟ ಬೇರೆ ಸುಲಭಕ್ಕೆ ಸಿಗಲ್ಲ.

ಸಮುದ್ರಕ್ಕೆ ಒಂದು ಗುರುತು, ನೆಲಕ್ಕೆ ಒಂದು

ಪ್ರತಿ ಹುದ್ದೆಯ ಪಕ್ಕದಲ್ಲಿ ಸ ಅಥವಾ ನೆ ಅಂತ ಬರೆಯಿರಿ. ಹಡಗಿನಲ್ಲಿದ್ದರೆ ಸ, ಕಚೇರಿಯಲ್ಲೋ ತರಬೇತಿಯಲ್ಲೋ ಇದ್ದರೆ ನೆ. ಯಾವ ನೌಕಾಪಡೆಯಲ್ಲೂ ಅಧಿಕಾರಿ ಇವೆರಡರ ನಡುವೆ ಓಡಾಡುತ್ತಲೇ ಇರುತ್ತಾನೆ. ಬರೀ ಹಡಗಿನಲ್ಲೇ ಇದ್ದವರು ಒಳ್ಳೆಯ ಕ್ಯಾಪ್ಟನ್ ಆಗಬಹುದು, ಆದರೆ ಪಡೆ ನಡೆಸುವ ಹಂತಕ್ಕೆ ಬರುವುದು ಕಷ್ಟ. ಬರೀ ಕಚೇರಿಯಲ್ಲಿದ್ದವರ ಮಾತನ್ನು ಹಡಗಿನವರು ಕೇಳಲ್ಲ.

ಗುರುತು ಹಾಕುತ್ತಾ ಹಡಗಿನ ಹೆಸರನ್ನಷ್ಟೇ ನೋಡಬೇಡಿ. ಅದು ಎಂಥ ಹಡಗು ಅಂತ ಹುಡುಕಿ. ಹೋವರ್ಡ್ 1982ರಲ್ಲಿ ಅಮೆರಿಕದ ನೌಕಾ ಅಕಾಡೆಮಿಯಿಂದ ಹೊರಬಂದವರು. ಅವರ ಮೊದಲ ಹಡಗುಗಳು ಹನ್ಲಿ, ಲೆಕ್ಸಿಂಗ್ಟನ್, ಆಮೇಲೆ ಮೌಂಟ್ ಹುಡ್, ಫ್ಲಿಂಟ್. ಹನ್ಲಿ ಜಲಾಂತರ್ಗಾಮಿಗಳಿಗೆ ರಿಪೇರಿ, ಸಾಮಾನು ಒದಗಿಸುವ ಹಡಗು. ಲೆಕ್ಸಿಂಗ್ಟನ್ ವಿಮಾನವಾಹಕವೇನೋ ಹೌದು, ಆದರೆ ಆಗ ಅದು ತರಬೇತಿಗೆ ಮಾತ್ರ. ಮೌಂಟ್ ಹುಡ್, ಫ್ಲಿಂಟ್ ಎರಡೂ ಮದ್ದುಗುಂಡು ಸಾಗಿಸುವ ಹಡಗುಗಳು. ನಾಲ್ಕರಲ್ಲಿ ಒಂದೂ ನೇರ ಕಾಳಗದ ಹಡಗಲ್ಲ.

ಏನಿದು? ಅವರು ಹಿಂದೆ ಬಿದ್ದಿದ್ದರಾ? ಇಲ್ಲ. ಅಮೆರಿಕದ ಅಕಾಡೆಮಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದೇ 1976ರಲ್ಲಿ. ಯುದ್ಧನೌಕೆಗಳಲ್ಲಿ ಅವರಿಗೆ ಕಾಯಂ ಕೆಲಸ ಕೊಡಬಾರದು ಅನ್ನೋ ಕಾನೂನು 1993ರವರೆಗೂ ಇತ್ತು. ಆ ಕಾನೂನಿನ ಬಗ್ಗೆ ಪರಿಚಯದಲ್ಲಿ ಒಂದು ಅಕ್ಷರವೂ ಇರಲ್ಲ. ಹಡಗುಗಳ ಜಾತಿ ನೋಡಿದಾಗ ಮಾತ್ರ ಅದು ಕಾಣುತ್ತದೆ. ಕಾನೂನು ಹೋದ ಮೇಲೆ, 1996ರಲ್ಲಿ, ಅವರು ಟೊರ್ಟುಗಾ ಹಡಗಿಗೆ ಬಂದರು. ಅದು ಸೈನಿಕರನ್ನೂ ದೋಣಿಗಳನ್ನೂ ಹೊತ್ತು ದಡಕ್ಕೆ ಇಳಿಸುವ ಯುದ್ಧನೌಕೆ. 1999ರಲ್ಲಿ ಅದೇ ಬಗೆಯ ರಷ್‌ಮೋರ್ ಹಡಗಿನ ಕ್ಯಾಪ್ಟನ್ ಆದರು. ಅಮೆರಿಕದ ಯುದ್ಧನೌಕೆಯೊಂದನ್ನು ನಡೆಸಿದ ಮೊದಲ ಕಪ್ಪು ಮಹಿಳೆ ಅವರು.

ನಮ್ಮಲ್ಲೂ ಹೀಗೇ ಓದಬೇಕು. ಭಾರತೀಯ ಯುದ್ಧನೌಕೆಯೊಂದಕ್ಕೆ ಮಹಿಳೆ ಕಮಾಂಡಿಂಗ್ ಆಫೀಸರ್ ಆದ ಸುದ್ದಿ ಬಂದಿದ್ದು 2023ರ ಡಿಸೆಂಬರ್‌ನಲ್ಲಿ, ಐಎನ್‌ಎಸ್ ಟ್ರಿಂಕಟ್‌ಗೆ. ಎನ್‌ಡಿಎಯಿಂದ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ, ಹುಡುಗಿಯರ ಮೊದಲ ತಂಡ ಹೊರಬಂದಿದ್ದು 2025ರ ಮೇ ತಿಂಗಳಲ್ಲಿ. ಆ ಹುಡುಗಿಯರಲ್ಲಿ ಒಬ್ಬರ ಪರಿಚಯವನ್ನು 2055ರಲ್ಲಿ ಯಾರಾದರೂ ಓದಿದರೆ ಈ ವರ್ಷಗಳನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು.

ಎರಡನೇ ಕುರ್ಚಿ ಹುಡುಕಿ

ಮಕ್ಕಳೆಲ್ಲ ನೇರವಾಗಿ ‘ಕಮಾಂಡ್’ ಅನ್ನೋ ಪದದ ಮೇಲೆ ಕಣ್ಣಿಡುತ್ತಾರೆ. ನಾನು ಅದಕ್ಕಿಂತ ಹಿಂದಿನ ಸಾಲು ನೋಡಿ ಅನ್ನುತ್ತೇನೆ. ಕ್ಯಾಪ್ಟನ್ ಆಗುವ ಮೊದಲು ಅವರು ಯಾವ ಹಡಗಿನಲ್ಲಿ ಎಕ್ಸ್‌ಒ ಆಗಿದ್ದರು?

ಎಕ್ಸ್‌ಒ ಅಂದರೆ ಹಡಗಿನ ಎರಡನೇ ಅಧಿಕಾರಿ. ಹೊರಗಿನವರಿಗೆ ಆ ಹೆಸರೇ ಗೊತ್ತಿರಲ್ಲ. ನಾವಿಕನಿಗೆ ಮಾತ್ರ ಕ್ಯಾಪ್ಟನ್‌ಗಿಂತ ಅವರ ಭಯವೇ ಜಾಸ್ತಿ. ಬೆಳಗಾಗುವ ಮೊದಲು ಡೆಕ್ ಮೇಲೆ ಬರುತ್ತಾರೆ. ಯಾವ ಮೆಸ್‌ನಲ್ಲಿ ಸಿಹಿನೀರು ಪೋಲಾಗುತ್ತಿದೆ, ಯಾರಿಗೆ ರಜೆ ಬಾಕಿ ಇದೆ, ಎಂಜಿನ್ ರೂಮಿನವರಿಗೂ ಡೆಕ್‌ನವರಿಗೂ ಯಾಕೆ ಮಾತು ನಿಂತಿದೆ, ಯಾರ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಎಲ್ಲವೂ ಅವರ ತಲೆಯಲ್ಲಿ. ಕ್ಯಾಪ್ಟನ್ ಒಂದು ಮಾತು ಹೇಳಿ ಒಳಗೆ ಹೋಗುತ್ತಾರೆ. ಅದು ಹಡಗಿನ ಕೊನೆಯ ಮನುಷ್ಯನವರೆಗೆ ತಲುಪಿ ಕೆಲಸವಾಗುವಂತೆ ಮಾಡುವವರು ಎಕ್ಸ್‌ಒ. ಹೆಸರು ಮಾತ್ರ ಕ್ಯಾಪ್ಟನ್‌ಗೆ.

ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿಸಿ ಗೊತ್ತಿರದವರು ಹಲವು ದೇಶಗಳ ಪಡೆ ನಡೆಸಲಾರರು. ಯಾಕೆ ಅಂತ ಮುಂದೆ ಹೇಳುತ್ತೇನೆ. ಹೋವರ್ಡ್ ಟೊರ್ಟುಗಾದಲ್ಲಿ ಎಕ್ಸ್‌ಒ ಆಗಿದ್ದಾಗಲೇ ಹಡಗು ಏಡ್ರಿಯಾಟಿಕ್ ಸಮುದ್ರಕ್ಕೆ ಹೋಯಿತು. ಬೋಸ್ನಿಯಾದ ಶಾಂತಿ ಒಪ್ಪಂದವಾದ ಮೇಲೆ ನೇಟೋ ನಡೆಸಿದ ಜಂಟಿ ಕಾರ್ಯಾಚರಣೆ ಅದು. ನೇಟೋದ ಹೊರಗಿನ ದೇಶಗಳೂ, ರಷ್ಯಾ ಕೂಡ, ಅದರಲ್ಲಿ ಸೈನಿಕರನ್ನು ಇಟ್ಟಿದ್ದವು. ಪರಿಚಯದಲ್ಲಿ ಇದು ಅರ್ಧ ಸಾಲು. ನಾನಾದರೆ ಅದರ ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ತಮ್ಮ ಪಡೆಯ ಹೊರಗೆ ಕಳೆದ ವರ್ಷಗಳು

ಈಗ ‘ನೆ’ ಅಂತ ಗುರುತು ಹಾಕಿದ ಸಾಲುಗಳಿಗೆ ಬನ್ನಿ. ಸಾಮಾನ್ಯವಾಗಿ ಇವು ಬೇಸರದ ಸಾಲುಗಳು. ಇಂಥವರ ಸಹಾಯಕ, ಇಂಥ ವಿಭಾಗದ ಉಪನಿರ್ದೇಶಕ. ಅಲ್ಲಿ ಒಂದೇ ಪ್ರಶ್ನೆ ಕೇಳಿ: ಈ ಕೆಲಸ ಅವರ ಸ್ವಂತ ಪಡೆಯ ಒಳಗೋ, ಹೊರಗೋ?

ಹೋವರ್ಡ್ 1998ರಲ್ಲಿ ಪದವಿ ಮಾಡಿದ್ದು ಭೂಸೇನೆಯ ಸ್ಟಾಫ್ ಕಾಲೇಜಿನಲ್ಲಿ. ನೌಕಾಪಡೆಯವರು ಭೂಸೇನೆಯವರ ಜೊತೆ ಬೆಂಚಿನಲ್ಲಿ ಕೂತು ಓದಿದರು. ಆಮೇಲೆ ಎಲ್ಲ ಪಡೆಗಳ ಜಂಟಿ ಸಿಬ್ಬಂದಿಯಲ್ಲಿ ಕೆಲಸ. ಆಮೇಲೆ ನೌಕಾಪಡೆಯ ಕಾರ್ಯದರ್ಶಿಯ ಹಿರಿಯ ಸೈನಿಕ ಸಹಾಯಕಿ. ಅಮೆರಿಕದಲ್ಲಿ ಆ ಕಾರ್ಯದರ್ಶಿ ಸಮವಸ್ತ್ರದವರಲ್ಲ, ರಾಜಕೀಯ ನೇಮಕ. ಅಂಥವರ ಬಾಗಿಲ ಪಕ್ಕ ಕೂತರೆ ಒಂದು ವಿಷಯ ಚೆನ್ನಾಗಿ ಅರ್ಥವಾಗುತ್ತದೆ: ಹಡಗು ಎಲ್ಲಿಗೆ ಹೋಗಬೇಕು ಅನ್ನೋದನ್ನು ಕೊನೆಗೆ ಒಪ್ಪುವವರು ಸಮುದ್ರದಲ್ಲಿ ಇರಲ್ಲ.

ನಮ್ಮ ಅಧಿಕಾರಿಗಳ ಪುಟದಲ್ಲಿ ಇದಕ್ಕೆ ಸಮನಾದ ಸಾಲುಗಳು ಯಾವುವು? ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜು ಒಂದು. ಅಲ್ಲಿ ಮೂರೂ ಪಡೆಯವರು, ಜೊತೆಗೆ ಬೇರೆ ದೇಶಗಳ ಅಧಿಕಾರಿಗಳು ಒಟ್ಟಿಗೆ ಓದುತ್ತಾರೆ. ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜು ಇನ್ನೊಂದು. ರಾಯಭಾರ ಕಚೇರಿಯಲ್ಲಿ ನೌಕಾ ಅಧಿಕಾರಿಯಾಗಿದ್ದರೆ ಅದು ಮತ್ತೂ ಮುಖ್ಯ. 2018ರಿಂದ ಗುರುಗ್ರಾಮದಲ್ಲಿ ಹಿಂದೂ ಮಹಾಸಾಗರದ ಹಡಗುಗಳ ಓಡಾಟದ ಮಾಹಿತಿ ಹಂಚುವ ಕೇಂದ್ರವಿದೆ. ಬೇರೆ ಬೇರೆ ದೇಶಗಳ ಸಂಪರ್ಕಾಧಿಕಾರಿಗಳು ಅಲ್ಲೇ ಕೂತು ಕೆಲಸ ಮಾಡುತ್ತಾರೆ. ಒಬ್ಬ ಕಮಾಂಡರ್ ಅಲ್ಲಿ ಕೆಲಸ ಮಾಡಿದ್ದಾರೆ ಅಂತ ಕಂಡರೆ ಬಿಡಬೇಡಿ.

ಇನ್ನು ನಿಜವಾದ ಸಾಲು

‘ಕಂಬೈನ್ಡ್ ಟಾಸ್ಕ್ ಫೋರ್ಸ್ 151 ಅನ್ನು ಮುನ್ನಡೆಸಿದರು.’ ಓದಿದ ತಕ್ಷಣ ಕಣ್ಣ ಮುಂದೆ ಏನು ಬರುತ್ತದೆ? ಹತ್ತಾರು ದೇಶಗಳ ಹಡಗುಗಳು ಸಾಲಾಗಿ ನಿಂತಿವೆ, ಒಬ್ಬರು ಆಜ್ಞೆ ಕೊಡುತ್ತಾರೆ, ಎಲ್ಲರೂ ಓಡುತ್ತಾರೆ. ಮಕ್ಕಳೆಲ್ಲ ಹೀಗೇ ಅಂದುಕೊಳ್ಳುತ್ತಾರೆ. ಹಾಗಲ್ಲ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಬಹ್ರೇನ್‌ನಲ್ಲಿ ಕಂಬೈನ್ಡ್ ಮಾರಿಟೈಮ್ ಫೋರ್ಸಸ್ ಅಂತ ಒಂದು ಒಕ್ಕೂಟವಿದೆ. ಅದರ ಮುಖ್ಯಸ್ಥರು ಅಮೆರಿಕದ ವೈಸ್ ಅಡ್ಮಿರಲ್, ಅವರೇ ಅಮೆರಿಕದ ಐದನೇ ನೌಕಾದಳದ ಕಮಾಂಡರ್ ಕೂಡ. ಉಪಮುಖ್ಯಸ್ಥರು ಬ್ರಿಟನ್ನಿನ ಕಮೊಡೋರ್. ಕೆಳಗೆ ಬೇರೆ ಬೇರೆ ಟಾಸ್ಕ್ ಫೋರ್ಸ್‌ಗಳು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಪಡೆ. 151 ಹುಟ್ಟಿದ್ದು 2009ರ ಜನವರಿಯಲ್ಲಿ, ಕಡಲ್ಗಳ್ಳರನ್ನು ತಡೆಯಲಿಕ್ಕೇ. ಅದರ ಕಮಾಂಡ್ ಕೆಲವು ತಿಂಗಳಿಗೊಮ್ಮೆ ದೇಶದಿಂದ ದೇಶಕ್ಕೆ ಹೋಗುತ್ತದೆ. ಅಮೆರಿಕ, ಟರ್ಕಿ, ಸಿಂಗಪುರ, ದಕ್ಷಿಣ ಕೊರಿಯಾ, ಪಾಕಿಸ್ತಾನ, ಜಪಾನ್, ಹೀಗೆ ಹಲವರು ನಡೆಸಿದ್ದಾರೆ.

ಈ ಒಕ್ಕೂಟಕ್ಕೆ ಸೇರುವುದೂ ಸ್ವಂತ ಇಷ್ಟ, ಹಡಗು ಕೊಡುವುದೂ ಸ್ವಂತ ಇಷ್ಟ. ಕೊಟ್ಟ ಹಡಗಿನ ಪೂರ್ತಿ ಅಧಿಕಾರ ಆ ದೇಶದ ಕೈಯಲ್ಲೇ ಉಳಿಯುತ್ತದೆ. ಕಮಾಂಡರ್‌ಗೆ ಸಿಗುವುದು ಸೀಮಿತ ಹಿಡಿತ: ನೀವು ಈ ಕಡೆ ಗಸ್ತು ಮಾಡಿ, ಆ ಹಡಗಿನ ಹತ್ತಿರ ಹೋಗಿ, ಇಷ್ಟೇ. ಹಡಗಿನವರು ತಮ್ಮ ರಾಜಧಾನಿಗೆ ಕೇಳಿ ‘ಇದು ನಮ್ಮಿಂದ ಆಗಲ್ಲ’ ಅಂದರೆ ಅಲ್ಲಿಗೆ ಮುಗಿಯಿತು. ಶಿಕ್ಷೆ ಕೊಡುವ ಹಾಗಿಲ್ಲ, ಬಡ್ತಿ ತಡೆಯುವ ಹಾಗಿಲ್ಲ. ಊರಿನ ಜಾತ್ರೆ ಸಮಿತಿಯ ಅಧ್ಯಕ್ಷರನ್ನು ನೆನೆಸಿಕೊಳ್ಳಿ. ಯಾರೂ ಅವರ ಸಂಬಳದವರಲ್ಲ, ಆದರೂ ತೇರು ಹೊತ್ತಿಗೆ ಸರಿಯಾಗಿ ಹೊರಡಬೇಕು.

ಆದ್ದರಿಂದ ಇಂಥ ಸಾಲು ಕಂಡಾಗ ನೀವು ಹುಡುಕಬೇಕಾದ್ದು ‘ಎಷ್ಟು ಹಡಗು’ ಅಂತಲ್ಲ. ಆ ಹಡಗುಗಳಿಗೆ ‘ಆಯಿತು’ ಅನ್ನುವವರು ಯಾರು? ಹಿಡಿದವರನ್ನು ಏನು ಮಾಡಬಹುದು? ಅದೇ ಸಮುದ್ರದಲ್ಲಿ ಇನ್ನೂ ಯಾರ್ಯಾರಿದ್ದಾರೆ?

2009ರ ಏಪ್ರಿಲ್ ತಿಂಗಳೊಂದನ್ನೇ ತೆಗೆದುಕೊಳ್ಳಿ. ಹೋವರ್ಡ್ 151ರ ಅಧಿಕಾರ ವಹಿಸಿಕೊಂಡು ಕೆಲವೇ ದಿನ ಆಗಿತ್ತು. ಏಪ್ರಿಲ್ 8ಕ್ಕೆ ಮರ್ಸ್ಕ್ ಅಲಬಾಮಾ ಅನ್ನೋ ಸರಕು ಹಡಗಿಗೆ ಕಡಲ್ಗಳ್ಳರು ಹತ್ತಿದರು. ಹಡಗು ಉಳಿಯಿತು, ಆದರೆ ಅದರ ಕ್ಯಾಪ್ಟನ್ ರಿಚರ್ಡ್ ಫಿಲಿಪ್ಸ್ ಅವರನ್ನು ಒಂದು ಮುಚ್ಚಿದ ಲೈಫ್‌ಬೋಟ್‌ನಲ್ಲಿ ಎಳೆದುಕೊಂಡು ಹೋದರು. ಬೇನ್‌ಬ್ರಿಜ್ ಅನ್ನೋ ಯುದ್ಧನೌಕೆ ಹಿಂದೆ ಬಿತ್ತು. ಏಪ್ರಿಲ್ 12ಕ್ಕೆ ಅಮೆರಿಕದ ಕಮಾಂಡೋಗಳು ಮೂವರನ್ನು ಗುಂಡಿಟ್ಟು ಕೊಂದು ಫಿಲಿಪ್ಸ್ ಅವರನ್ನು ಬಿಡಿಸಿದರು.

ಈಗ ಪೆನ್ಸಿಲ್ ತೆಗೆಯಿರಿ. ಬಿಡಿಸಲು ಹೋದ ಹಡಗು ಅಮೆರಿಕದ್ದು. ಗುರಿಕಾರರು ಅಮೆರಿಕದವರು. ಬಲ ಬಳಸಲು ಅನುಮತಿ ಕೊಟ್ಟವರು ಅಮೆರಿಕದ ಅಧ್ಯಕ್ಷರು. ಅಂದರೆ ಹಲವು ದೇಶಗಳ ಪಡೆಯ ಕಮಾಂಡರ್ ಆಗಿದ್ದರೂ, ಆ ನಾಲ್ಕು ದಿನದ ಕೆಲಸ ನಡೆದಿದ್ದು ತಮ್ಮ ದೇಶದ ಸರಪಳಿಯಲ್ಲಿ. ಇಂಥ ಅಧಿಕಾರಿಗೆ ಯಾವಾಗಲೂ ಎರಡು ಜವಾಬ್ದಾರಿ ಇರುತ್ತದೆ: ಒಂದು ಒಕ್ಕೂಟದ್ದು, ಒಂದು ಸ್ವಂತ ದೇಶದ್ದು. ಯಾವ ಗಳಿಗೆಯಲ್ಲಿ ಯಾವುದರ ಮೇಲೆ ನಿಂತಿದ್ದೇನೆ ಅನ್ನೋದು ಅವರಿಗೆ ನಿದ್ದೆಯಲ್ಲೂ ಗೊತ್ತಿರಬೇಕು.

ಅದೇ ತಿಂಗಳು, ಒಂದು ವಾರದ ಒಳಗೆ, ಇನ್ನೊಂದು ಘಟನೆ. ನೇಟೋ ಕಾರ್ಯಾಚರಣೆಯಲ್ಲಿದ್ದ ಡಚ್ ಹಡಗೊಂದರ ಕಮಾಂಡೋಗಳು ಕಡಲ್ಗಳ್ಳರ ಕೈಯಲ್ಲಿದ್ದ 20 ಮೀನುಗಾರರನ್ನು ಬಿಡಿಸಿದರು. ಏಳು ಕಳ್ಳರು ಸಿಕ್ಕಿಬಿದ್ದರು. ಆಮೇಲೆ? ಅವರನ್ನು ಬಿಟ್ಟು ಕಳಿಸಿದರು! ನೇಟೋ ಅಡಿಯಲ್ಲಿದ್ದ ಆ ಹಡಗಿಗೆ ಅವರನ್ನು ಬಂಧಿಸಿಡುವ ಅಧಿಕಾರ ಇರಲಿಲ್ಲ. ಇದನ್ನು ಹೇಳಿದಾಗ ನನ್ನ ಹತ್ತಿರ ಬರುವ ಹುಡುಗಿಯೊಬ್ಬಳು ‘ಸರ್, ಹಾಗಾದರೆ ಹಿಡಿದಿದ್ದು ಯಾಕೆ?’ ಅಂದಳು. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಕಮಾಂಡರ್ ಸಿಟ್ಟು ಮಾಡಿಕೊಂಡು ಕೂರುವ ಹಾಗಿಲ್ಲ. ಯಾವ ದೇಶದ ಹಡಗಿಗೆ ಬಂಧಿಸುವ ಅಧಿಕಾರ ಇದೆ, ಯಾರಿಗೆ ಬರೀ ಓಡಿಸುವ ಅಧಿಕಾರ, ಯಾರು ರಾತ್ರಿ ಹೆಲಿಕಾಪ್ಟರ್ ಹಾರಿಸಬಲ್ಲರು, ಈ ಲೆಕ್ಕ ಮೊದಲೇ ಇಟ್ಟುಕೊಂಡು ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನಿಸಬೇಕು. ಅರ್ಧ ಕಮಾಂಡ್ ಅದೇ.

ಇನ್ನು ಒಕ್ಕೂಟದಲ್ಲೇ ಇಲ್ಲದವರು. ಆ ಕಾಲದಲ್ಲಿ ಏಡನ್ ಕೊಲ್ಲಿಯಲ್ಲಿ 151 ಇತ್ತು, ಯುರೋಪಿಯನ್ ಒಕ್ಕೂಟದ ಅಟಲಾಂಟಾ ಇತ್ತು, ನೇಟೋ ಇತ್ತು. ಇವು ಯಾವುದಕ್ಕೂ ಸೇರದೆ ಭಾರತ, ಚೀನಾ, ರಷ್ಯಾ ತಮ್ಮ ತಮ್ಮ ಹಡಗು ಇಟ್ಟಿದ್ದವು. ನಮ್ಮ ನೌಕಾಪಡೆ 2008ರ ಅಕ್ಟೋಬರ್‌ನಿಂದಲೇ ಅಲ್ಲಿತ್ತು. ಇವರೆಲ್ಲ ಒಬ್ಬರಿಗೊಬ್ಬರು ಡಿಕ್ಕಿಯಾಗದೆ ಕೆಲಸ ಮಾಡಿದ್ದು ಹೇಗೆ? ಬಹ್ರೇನ್‌ನಲ್ಲಿ ಶೇಡ್ ಅನ್ನೋ ಹೆಸರಿನಲ್ಲಿ ಸಭೆಗಳು ನಡೆಯುತ್ತಿದ್ದವು. ಯಾರೂ ಯಾರಿಗೂ ಅಧೀನರಲ್ಲ, ಬರೀ ಮಾತುಕತೆ. ಜೊತೆಗೆ ಯುರೋಪಿನವರು ಮರ್ಕ್ಯುರಿ ಅಂತ ಒಂದು ಚಾಟ್ ವ್ಯವಸ್ಥೆ ನಡೆಸಿದರು. ಗುಪ್ತ ಮಾಹಿತಿ ಇಲ್ಲದ, ಇಂಟರ್ನೆಟ್ ಮೇಲೆ ನಡೆಯುವ ಸಾದಾ ಚಾಟ್. ಹಾಗಾಗಿಯೇ ಎಲ್ಲರೂ ಅದಕ್ಕೆ ಬಂದರು. ಕಮ್ಯುನಿಕೇಶನ್‌ನವನಾಗಿ ಹೇಳುತ್ತೇನೆ, ಭಾರೀ ಬೆಲೆಯ ಗುಪ್ತ ಜಾಲಗಳಿಗಿಂತ ಇಂಥ ಸಾದಾ ಜಾಲವೇ ಕೆಲವು ಸಲ ಜಾಸ್ತಿ ಕೆಲಸಕ್ಕೆ ಬರುತ್ತದೆ. 2012ರಿಂದ ಭಾರತ, ಚೀನಾ, ಜಪಾನ್ ತಮ್ಮ ಬೆಂಗಾವಲು ಹಡಗುಗಳ ವೇಳಾಪಟ್ಟಿಯನ್ನೇ ಹೊಂದಿಸಿಕೊಂಡವು. ಒಂದೇ ಹೊತ್ತಿಗೆ ಮೂವರೂ ಹೊರಟು, ಮಿಕ್ಕ ಹೊತ್ತು ಯಾರೂ ಇಲ್ಲ ಅನ್ನುವಂತಾಗಬಾರದು ಅಲ್ವಾ!

ಹತ್ತಿರದಿಂದ ಕಂಡ ಒಂದು ಸಂಗತಿ

ಇಂಥ ಗುಣ ಪುಟದ ಮೇಲೆ ಕಾಣಲ್ಲ, ಹಾಗಾಗಿ ನಾನೇ ನೋಡಿದ್ದನ್ನು ಹೇಳುತ್ತೇನೆ. ಒಂದು ಜಂಟಿ ಅಭ್ಯಾಸದಲ್ಲಿ ನಮ್ಮ ಹಡಗಿನ ಕ್ಯಾಪ್ಟನ್ ಆ ದಿನದ ಮಟ್ಟಿಗೆ ಇಡೀ ಸಾಲಿನ ಹಿರಿಯ ಅಧಿಕಾರಿ. ಹಡಗುಗಳು ಒಂದರ ಹಿಂದೆ ಒಂದು, ಹತ್ತಿರ ಹತ್ತಿರ ಹೋಗಬೇಕು. ಅತಿಥಿ ಹಡಗೊಂದು ಪ್ರತಿ ತಿರುವಿನಲ್ಲೂ ತಡವಾಗುತ್ತಿತ್ತು. ರೇಡಿಯೋದಲ್ಲಿ ಅವರ ದನಿ ಕೇಳಿದರೇ ಗೊತ್ತಾಗುತ್ತಿತ್ತು, ಬ್ರಿಜ್ ಮೇಲೆ ಗಾಬರಿ ಇದೆ ಅಂತ. ಅಭ್ಯಾಸ ಕಡಿಮೆ ಇದ್ದವರು ಹತ್ತಿರ ಬಂದರೆ ಅಪಾಯ.

ನಮ್ಮ ಕಿರಿಯ ಅಧಿಕಾರಿ ಆ ಹಡಗನ್ನು ಹಿಂದಕ್ಕೆ ಕಳಿಸೋಣ ಅಂದರು. ಕ್ಯಾಪ್ಟನ್ ಒಪ್ಪಲಿಲ್ಲ. ಸಾಲಿನ ಎಲ್ಲ ಹಡಗುಗಳ ನಡುವಿನ ಅಂತರವನ್ನೂ ಹೆಚ್ಚಿಸುವ ಸಿಗ್ನಲ್ ಬರೆಸಿದರು. ನಾನೇ ಕಳಿಸಿದೆ. ಅತಿಥಿ ಹಡಗಿಗೆ ತಾನು ಹಿಂದೆ ಬಿದ್ದೆ ಅಂತ ಯಾರೂ ಹೇಳಿದ ಹಾಗಾಗಲಿಲ್ಲ, ಅಪಾಯವೂ ತಪ್ಪಿತು. ಸಂಜೆಯ ಹೊತ್ತಿಗೆ ಅವರ ತಿರುವುಗಳು ಸರಿಯಾದವು, ಅಂತರ ಮತ್ತೆ ಕಡಿಮೆಯಾಯಿತು. ಆ ಕ್ಯಾಪ್ಟನ್‌ರ ಸೇವಾ ಪರಿಚಯದಲ್ಲಿ ಈ ಅಭ್ಯಾಸದ ಹೆಸರು ಒಂದು ಸಾಲಾಗಿ ಇದ್ದೀತು. ಆ ಸಿಗ್ನಲ್ ಎಲ್ಲಿಯೂ ಇರಲ್ಲ.

ನೇಪಲ್ಸ್, ಮತ್ತು ಒಬ್ಬರಿಗೆ ಮೂರು ಹುದ್ದೆ

ಇಲ್ಲಿಂದ ಮುಂದೆ ಬೇಗ ಹೋಗೋಣ. ಹೋವರ್ಡ್ 2014ರಲ್ಲಿ ನಾಲ್ಕು ನಕ್ಷತ್ರದ ಅಡ್ಮಿರಲ್ ಆದರು, ಅಮೆರಿಕದ ನೌಕಾಪಡೆಯಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಹೆಂಗಸರ ಅಳತೆಯ ನಾಲ್ಕು ನಕ್ಷತ್ರದ ಭುಜಪಟ್ಟಿ ಅಂಗಡಿಯಲ್ಲಿ ಇರಲೇ ಇಲ್ಲ, ಹೊಸದಾಗಿ ಮಾಡಿಸಬೇಕಾಯಿತು. 2016ರಿಂದ 2017ರವರೆಗೆ ನೇಪಲ್ಸ್‌ನಲ್ಲಿ ನೇಟೋದ ಜಂಟಿ ಪಡೆಯ ಕಮಾಂಡರ್, ಜೊತೆಗೆ ಯುರೋಪ್ ಮತ್ತು ಆಫ್ರಿಕಾದ ಅಮೆರಿಕನ್ ನೌಕಾಪಡೆಗಳ ಕಮಾಂಡರ್. ನೇಪಲ್ಸ್ ಕಮಾಂಡ್‌ನ ಕೆಳಗೆ ಕೊಸೊವೊದ ಶಾಂತಿಪಡೆಯೂ ಬರುತ್ತದೆ. ಹಡಗಿನ ಅಧಿಕಾರಿ ಬೆಟ್ಟಗುಡ್ಡದ ಭೂಸೇನೆಯ ಕೆಲಸಕ್ಕೂ ಹೊಣೆ. ಭೂಸೇನೆಯ ಕಾಲೇಜಿನಲ್ಲಿ ಓದಿದ್ದು ಯಾಕೆ ಬೇಕಿತ್ತು ಅಂತ ಈಗ ಹೊಳೆಯಿತೇ?

ಪುಟದಲ್ಲಿ ಒಂದೇ ಕಾಲಕ್ಕೆ ಎರಡು ಮೂರು ಹುದ್ದೆ ಕಂಡರೆ ಒಂದು ಚಿಕ್ಕ ಚಿತ್ರ ಬರೆಯಿರಿ. ಯಾರಿಗೆ ವರದಿ ಮಾಡಬೇಕು ಅಂತ ಪ್ರತಿ ಹುದ್ದೆಯಿಂದ ಮೇಲಕ್ಕೆ ಒಂದೊಂದು ಗೆರೆ. ಗೆರೆಗಳು ಬೇರೆ ಬೇರೆ ಕಡೆ ಹೋದರೆ ಅಲ್ಲೇ ಆ ಕೆಲಸದ ಕಷ್ಟ ಇದೆ. 2011ರ ಲಿಬಿಯಾ ಕಾರ್ಯಾಚರಣೆಯ ಚಿತ್ರ ಬರೆದು ನೋಡಿ. ಮೇಲೆ ಯುರೋಪಿನ ನೇಟೋ ಪಡೆಗಳ ಮುಖ್ಯಸ್ಥ ಅಡ್ಮಿರಲ್ ಸ್ಟಾವ್ರಿಡಿಸ್, ಅಮೆರಿಕದವರು, ಆ ಹುದ್ದೆಗೆ ಬಂದ ಮೊದಲ ನೌಕಾ ಅಧಿಕಾರಿ. ಕಾರ್ಯಾಚರಣೆ ನಡೆಸಿದವರು ಕೆನಡಾದ ವಾಯುಪಡೆಯ ಲೆಫ್ಟಿನೆಂಟ್ ಜನರಲ್ ಬುಶಾರ್ಡ್. ಸಮುದ್ರದ ಕೆಲಸ ಇಟಲಿಯ ವೈಸ್ ಅಡ್ಮಿರಲ್‌ಗೆ. ಮೂರು ದೇಶ, ಮೂರು ರಾಜಧಾನಿ, ಒಂದು ಯುದ್ಧ.

ನಮ್ಮವರ ಪುಟ ಓದುವಾಗ

ಭಾರತ ಬಹಳ ಕಾಲ ವಿಶ್ವಸಂಸ್ಥೆಯ ಧ್ವಜದ ಅಡಿಯಲ್ಲಿ ಮಾತ್ರ ಬಹುರಾಷ್ಟ್ರೀಯ ಪಡೆಗೆ ಸೇರುತ್ತಿತ್ತು. ಬಹ್ರೇನ್‌ನ ಒಕ್ಕೂಟಕ್ಕೆ ಪೂರ್ಣ ಸದಸ್ಯನಾಗಿದ್ದು 2023ರಲ್ಲಿ. ಹಾಗಾಗಿ ನಮ್ಮ ಹಿರಿಯ ನೌಕಾ ಅಧಿಕಾರಿಗಳ ಪುಟದಲ್ಲಿ ‘ಟಾಸ್ಕ್ ಫೋರ್ಸ್ ನಡೆಸಿದರು’ ಅನ್ನೋ ಸಾಲನ್ನೇ ಹುಡುಕಿ ಬೇಸರ ಮಾಡಿಕೊಳ್ಳಬೇಡಿ. ಬೇರೆ ಸಾಲುಗಳಿವೆ. 1995ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ನಾಲ್ಕು ಅತಿಥಿ ದೇಶಗಳೊಂದಿಗೆ ಶುರುವಾದ ಮಿಲನ್ ಅಭ್ಯಾಸ ಈಗ ವಿಶಾಖಪಟ್ಟಣದಲ್ಲಿ ಹತ್ತಾರು ದೇಶಗಳಿಗೆ ಬೆಳೆದಿದೆ. 1992ರಿಂದ ಮಲಬಾರ್ ಅನ್ನೋ ಜಂಟಿ ನೌಕಾ ಅಭ್ಯಾಸ ಇದೆ. 2004ರ ಸುನಾಮಿಯ ನೆರವು ಕಾರ್ಯ ಇದೆ. ಆಗ ಹೋವರ್ಡ್ ತಮ್ಮ ಹಡಗು ದಳದೊಂದಿಗೆ ಇಂಡೋನೇಷ್ಯಾದಲ್ಲಿದ್ದರು, ನಮ್ಮ ಹಡಗುಗಳು ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾ ಮೂರೂ ಕಡೆ ಹೋಗಿದ್ದವು.

ನಮ್ಮ ಮನೆ ಹತ್ತಿರದ ಉದಾಹರಣೆಯೂ ಇದೆ. 2025ರ ಏಪ್ರಿಲ್ 5ರಂದು ಕಾರವಾರದಿಂದ ಐಎನ್‌ಎಸ್ ಸುನಯನಾ ಹೊರಟಿತು, ‘ಸಾಗರ್’ ಅನ್ನೋ ಹೆಸರಿನಲ್ಲಿ. ಹಡಗು ನಮ್ಮದು, ಅದರ ಮೇಲೆ ನಮ್ಮವರ ಜೊತೆ ಒಂಬತ್ತು ದೇಶಗಳ 44 ಮಂದಿ. ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಸೀಶೆಲ್ಸ್, ಕೊಮೊರೊಸ್, ಕೆನ್ಯಾ, ತಾಂಜಾನಿಯಾ, ಮೊಜಾಂಬಿಕ್, ಮಡಗಾಸ್ಕರ್. ಬೇರೆ ಬೇರೆ ಹಡಗು ನಡೆಸುವುದಕ್ಕಿಂತ ಇದು ಕಷ್ಟ ಅಂತ ನನ್ನ ಅಭಿಪ್ರಾಯ. ಒಂದೇ ಅಡುಗೆಮನೆಯ ಊಟ, ಒಂದೇ ಪಾಳಿ. ರಾತ್ರಿ ಹನ್ನೆರಡಕ್ಕೆ ಪಾಳಿ ಬದಲಾಗುವಾಗ ಕೆನ್ಯಾದವನು ಹೇಳಿದ್ದು ನಮ್ಮವನಿಗೆ ಸರಿಯಾಗಿ ತಲುಪಬೇಕು. ಆ ಪ್ರಯಾಣದಲ್ಲಿದ್ದ ಲೆಫ್ಟಿನೆಂಟ್‌ಗಳ ಪುಟದಲ್ಲಿ ಮುಂದೆ ಈ ಸಾಲು ಬಂದಾಗ ಅದನ್ನು ಗುರುತಿಸುವವರು ನೀವಾಗಿರಿ.

ಭೂಸೇನೆಯವರಾದರೂ ಒಬ್ಬರ ಪುಟವನ್ನು ಇದರ ಪಕ್ಕದಲ್ಲಿಟ್ಟು ಓದಲೇಬೇಕು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳನ್ನು ವಾಪಸ್ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರು. ಒಂದು ಕಡೆ ಸ್ವೀಡನ್, ಸ್ವಿಟ್ಜರ್ಲೆಂಡ್. ಇನ್ನೊಂದು ಕಡೆ ಪೋಲೆಂಡ್, ಚೆಕೊಸ್ಲೊವಾಕಿಯಾ. ಮಧ್ಯದಲ್ಲಿ ಭಾರತ. ಎದುರಿಗೆ ಊರಿಗೆ ಹೋಗಲ್ಲ ಅನ್ನುವ ಸಾವಿರಾರು ಕೈದಿಗಳು. ಅಲ್ಲಿ ಆಜ್ಞೆ ಯಾರಿಗೆ ಕೊಡುತ್ತೀರಿ? ಆಮೇಲೆ ಅವರು ಭೂಸೇನೆಯ ಮುಖ್ಯಸ್ಥರಾದರು, 1961ರಲ್ಲಿ ನಿವೃತ್ತರಾದರು. 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಗೆ ಕಮಾಂಡರ್ ಆಗಿ ಹೋದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ಹೋದವರು ಬಂದೂಕು, ಟ್ಯಾಂಕ್ ನೋಡಿ ಬರುತ್ತಾರೆ. ನೀವು ಕೊರಿಯಾದ ಭಾಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಇದೆಲ್ಲ ಎಸ್‌ಎಸ್‌ಬಿಗೆ ಯಾಕೆ

ಎನ್‌ಡಿಎ ಪರೀಕ್ಷೆ ಬರೆದು ಹೋಗಿ, ಪಿಯುಸಿ ಆದ ಮೇಲೆ ಜೆಇಇ ಅಂಕದ ಮೇಲೆ ಎಳಿಮಲ ನೌಕಾ ಅಕಾಡೆಮಿಗೆ ಅರ್ಜಿ ಹಾಕಿ, ಯಾವ ದಾರಿಯಾದರೂ ಮಧ್ಯೆ ಎಸ್‌ಎಸ್‌ಬಿ ಇದ್ದೇ ಇದೆ. ಅಲ್ಲಿ ಹೊರಾಂಗಣದಲ್ಲಿ ಗ್ರೂಪ್ ಟಾಸ್ಕ್ ಮಾಡಿಸುತ್ತಾರೆ. ಹಲಗೆ, ಹಗ್ಗ, ಬೊಡ್ಡೆ ಕೊಟ್ಟು ನೆಲ ಮುಟ್ಟದೆ ದಾಟಿ ಅನ್ನುತ್ತಾರೆ. ಯಾರನ್ನೂ ನಾಯಕ ಅಂತ ನೇಮಿಸಲ್ಲ. ಕೂಗಾಡಿ ‘ನಾನು ಹೇಳಿದ ಹಾಗೆ ಮಾಡಿ’ ಅನ್ನುವವರು ಒಬ್ಬಿಬ್ಬರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರ ಮಾತನ್ನು ಉಳಿದವರು ಯಾಕೆ ಕೇಳಬೇಕು? ಏಡನ್ ಕೊಲ್ಲಿಯ ಕಮಾಂಡರ್ ಇದ್ದದ್ದೂ ಇದೇ ಸ್ಥಿತಿಯಲ್ಲಿ. ಹಗ್ಗ ಕಟ್ಟಲು ಯಾರಿಗೆ ಬರುತ್ತದೆ, ಯಾರಿಗೆ ಎತ್ತರದ ಭಯ ಅಂತ ಮೊದಲ ಎರಡು ನಿಮಿಷದಲ್ಲಿ ನೋಡಿಕೊಂಡವರು ತಂಡವನ್ನು ದಾಟಿಸುತ್ತಾರೆ.

ಆಮೇಲೆ ಲೆಕ್ಚರೆಟ್. ಮೂರು ನಿಮಿಷದ ಭಾಷಣ. ಕಡಲ್ಗಳ್ಳತನ, ಹಿಂದೂ ಮಹಾಸಾಗರ, ನೇಟೋ, ಮಹಿಳೆಯರು ಸೇನೆಯಲ್ಲಿ, ಯಾವ ವಿಷಯ ಬಂದರೂ ನೀವು ಪೆನ್ಸಿಲ್ ಹಾಕಿ ಓದಿದ ಒಂದು ಪುಟ ಸಾಕು. ‘ಅಲ್ಲಿ ಸಮಸ್ಯೆ ಗಂಭೀರವಾಗಿತ್ತು’ ಅನ್ನಬೇಡಿ. ಹಿಡಿದ ಏಳು ಕಳ್ಳರನ್ನು ಬಿಟ್ಟ ಕಥೆ ಹೇಳಿ. ಬೇಕಾದರೆ ಅದರ ಪಕ್ಕದಲ್ಲಿ 2024ರ ಮಾರ್ಚ್‌ನದು ಇಡಿ: ಐಎನ್‌ಎಸ್ ಕೋಲ್ಕತಾ ಕಡಲ್ಗಳ್ಳರ ಕೈಯಲ್ಲಿದ್ದ ರುಯೆನ್ ಹಡಗನ್ನು ಬಿಡಿಸಿ, 17 ನಾವಿಕರನ್ನು ಉಳಿಸಿ, 35 ಕಡಲ್ಗಳ್ಳರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿತು. ಹಾಗೆ ಒಪ್ಪಿಸಿದ್ದು ನಮ್ಮ 2022ರ ಕಡಲ್ಗಳ್ಳತನ ತಡೆ ಕಾನೂನಿನ ಅಡಿಯಲ್ಲಿ ಅಂತ ಹೇಳಿ. ಕೂತವರು ತಲೆ ಎತ್ತಿ ನೋಡುತ್ತಾರೆ.

ಸಂದರ್ಶನದಲ್ಲಿ ‘ನಿಮಗೆ ಯಾವ ಅಧಿಕಾರಿ ಇಷ್ಟ’ ಅಂತ ಕೇಳಿದರೆ ಹೆಸರು ಹೇಳಿ ಸುಮ್ನೆ ಹೊಗಳಬೇಡಿ. ಒಂದು ಹುದ್ದೆ, ಒಂದು ವರ್ಷ, ಆ ಹುದ್ದೆಯಲ್ಲಿ ಅವರ ಕೈಯಲ್ಲಿ ಇರದಿದ್ದ ಒಂದು ಅಧಿಕಾರ, ಇಷ್ಟು ಹೇಳಿ. ‘ಆ ಅಧಿಕಾರ ಇಲ್ಲದಿದ್ದರೆ ನೀವಾದರೆ ಏನು ಮಾಡುತ್ತಿದ್ದಿರಿ?’ ಅಂತ ಮುಂದಿನ ಪ್ರಶ್ನೆ ಬರುವುದು ಹೆಚ್ಚುಕಡಿಮೆ ಖಚಿತ. ಅದಕ್ಕೆ ಉತ್ತರವನ್ನು ಮನೆಯಲ್ಲೇ ಯೋಚಿಸಿ ಇಟ್ಟುಕೊಂಡು ಹೋಗಿ.